ಆ ಕಡೆಯ ಮೆಷಿನ್

"ಹಲೋ, ಸಿಸ್ಟಮ್ಸ್ ಇನ್‌ಚಾರ್ಜ್ ಇದ್ದಾರಾ?"

ಕೇಳಿದ್ದು ಇಂಗ್ಲಿಷಿನಲ್ಲಾದರೂ ಆ ಧ್ವನಿಯಲ್ಲಿ ಮೈಸೂರು ಹಾಗೇ ಉಳಿದಿತ್ತು. ಸುಮಿತ್ರಾ ರಿಸೀವರನ್ನು ಎಡಗಿವಿಯಿಂದ ಬಲಗಿವಿಗೆ ಬದಲಾಯಿಸಿಕೊಂಡಳು. ಈ ಧ್ವನಿ ಮಂತ್ರ ಹೇಳುವುದನ್ನು ಅವಳು ಕೇಳಿದ್ದಳು, ಬೈಯುವುದನ್ನು ಕೇಳಿದ್ದಳು, ತನ್ನ ಮೇಲೆ ಸುಳ್ಳು ಹೇಳುವುದನ್ನೂ ಎದುರಿಗೇ ನಿಂತು ಕೇಳಿದ್ದಳು. ಗುರುತು ತಪ್ಪುವ ಮಾತೇ ಇರಲಿಲ್ಲ.

"ನಾನೇ ಮಾತಾಡ್ತಿರೋದು. ಹೇಳಿ ತಿರುಮಲೇಶ್ ಸರ್," ಎಂದಳು ಕನ್ನಡದಲ್ಲಿ.

"ಯಾರು, ನಮ್ಮ ಸುಮಿತ್ರಾನಾ? ನೀನು ವಡಾಲದಲ್ಲಿದ್ದೀಯೇನಮ್ಮಾ? ನೋಡು, ಎಂಥಾ ಯೋಗ. ಆ ಕಡೆ ನಮ್ಮೋರೇ ಇದ್ದಾರೆ ಅಂತಾಯ್ತು. ಇನ್ನು ನಂಗೆ ಯೋಚನೆಯಿಲ್ಲ ಬಿಡು."

ನಮ್ಮೋರಂತೆ. ಮೂರು ವರ್ಷದ ಹಿಂದೆ ಇದೇ ಬಾಯಿ ಮುಲುಂಡಿನ ಕನ್ನಡದ ಮನೆಗಳಲ್ಲೆಲ್ಲ ಏನು ಹೇಳಿಕೊಂಡು ಬಂದಿತ್ತೋ ಅದನ್ನು ಈ ಮನುಷ್ಯ ಮರೆತಿದ್ದಾನೋ, ಮರೆತವನ ಹಾಗೆ ಆಡುತ್ತಿದ್ದಾನೋ ಅವಳಿಗೆ ಗೊತ್ತಾಗಲಿಲ್ಲ. ಯಾವುದಾದರೂ ಹೊಟ್ಟೆಯುರಿ ಒಂದೇ. "ಏನಾಗಬೇಕಿತ್ತು ಸರ್?" ಎಂದಳು.

ತಿರುಮಲೇಶ ಮುಂಬಯಿಯ ಫೋರ್ಟ್ ಬಡಾವಣೆಯ ಒಂದು ಕ್ಲಿಯರಿಂಗ್ ಕಂಪನಿಯ ಕಂಪ್ಯೂಟರ್ ವಿಭಾಗಕ್ಕೆ ಮುಖ್ಯಸ್ಥ. ಬಂದರಿಗೆ ಬಂದುಹೋಗುವ ಸರಕಿನ ಕಾಗದಪತ್ರ ಮಾಡಿಸಿಕೊಡುವುದು ಆ ಕಂಪನಿಯ ವ್ಯಾಪಾರ. ಸರಕು ತುಂಬಿದ ಕಂಟೇನರುಗಳು ನಿಲ್ಲುವುದು ಮಾತ್ರ ವಡಾಲದಲ್ಲಿ, ಬೇರೊಂದು ಕಂಪನಿಯ ಯಾರ್ಡಿನಲ್ಲಿ. ಯಾವ ಕಂಟೇನರು ಎಲ್ಲಿದೆ, ಯಾವಾಗ ಹಡಗು ಹತ್ತುತ್ತದೆ ಎನ್ನುವುದೆಲ್ಲ ಯಾರ್ಡಿನ ಕಂಪ್ಯೂಟರಿಗೆ ಗೊತ್ತು. ಆ ಕಂಪ್ಯೂಟರು ಈಗ ಸುಮಿತ್ರಾಳ ಸುಪರ್ದಿಯಲ್ಲಿತ್ತು.

"ವಿಜಯದಶಮಿ ದಿನ ನಮ್ಮಲ್ಲಿ ಒಂದು ಡೆಮೋ ಇಟ್ಕೊಂಡಿದ್ದೀವಮ್ಮಾ. ಹಡಗು ಕಂಪನಿಯೋರು ಮದರಾಸಿಂದ ಬರ್ತಿದ್ದಾರೆ. ನಾವು ಇಲ್ಲಿ ಒಂದು ಬಟನ್ ಒತ್ತಿದ್ರೆ ನಿಮ್ಮ ಮೆಷಿನ್ನಲ್ಲಿರೋ ಕಂಟೇನರ್ ಲಿಸ್ಟು ನಮ್ಮ ಮೆಷಿನ್ ಮೇಲೆ ಬರ್ಬೇಕು. ಬಾಂಬೇಲಿ ಇನ್ನೂ ಯಾರೂ ಮಾಡಿಲ್ಲ."

ಯಾರೂ ಮಾಡದಿರಲು ಕಾರಣವಿತ್ತು. ಆಗಿನ ದಿನಗಳಲ್ಲಿ ಒಂದು ಕಂಪನಿಯ ಮೆಷಿನ್ನು ಇನ್ನೊಂದು ಕಂಪನಿಯ ಮೆಷಿನ್ನನ್ನು ಮಾತಾಡಿಸುವ ಹಾಗೇ ಇರಲಿಲ್ಲ. ಫೋರ್ಟಿನಲ್ಲಿದ್ದ ಹಳೆಯ ಸಾಫ್ಟ್‌ವೇರು ತನ್ನ ಮನೆಯ ಮಾಹಿತಿ ಬಿಟ್ಟು ಬೇರೆ ಮನೆಯದನ್ನು ಕೇಳಲು ಒಪ್ಪುತ್ತಿರಲಿಲ್ಲ. ಹೊರಗಿನಿಂದ ಅದು ತರಿಸಿಕೊಳ್ಳುತ್ತಿದ್ದದ್ದು ಒಂದನ್ನೇ, 'ಸ್ಕ್ರೀನು'. ಎಲ್ಲಿ ಗೆರೆ ಎಳೆಯಬೇಕು, ಎಲ್ಲಿ ಏನು ತೋರಿಸಬೇಕು, ಎದುರು ಕೂತವನನ್ನು ಏನು ಕೇಳಬೇಕು ಎಂದು ಹೇಳುವ ಫೈಲು ಅದು. ಟೆಲಿಫೋನ್ ಲೈನಿನಲ್ಲಿ ಯಾವ ಮೆಷಿನ್ನಿನಿಂದ ಬಂದರೂ ಸರಿ, ಅದನ್ನು ಕಣ್ಣುಮುಚ್ಚಿ ತೆಗೆದುಕೊಂಡು ಅದು ಹೇಳಿದಂತೆ ಮಾಡುತ್ತಿತ್ತು. ಹಾಗಾದರೆ ಮಾಹಿತಿಯನ್ನೇ ಸ್ಕ್ರೀನಿನ ಒಳಗೆ ಕಟ್ಟಿ ಕಳಿಸಿದರೆ? ಪಕ್ಕದ ಮನೆಗೆ ಹೋಗಿ ಅನ್ನ ಕೇಳುವುದು ಮರ್ಯಾದೆಯಲ್ಲ, ಆದರೆ ಪ್ರಸಾದವೆಂದು ಮುಚ್ಚಿ ಕಳಿಸಿದ್ದನ್ನು ಯಾರೂ ಬೇಡ ಅನ್ನುವುದಿಲ್ಲವಲ್ಲ, ಹಾಗೆ.

ತಿರುಮಲೇಶ ಇದನ್ನೆಲ್ಲ ಅವಳಿಗೆ ಬಿಡಿಸಿ ಬಿಡಿಸಿ ವಿವರಿಸಿದ. ಕೊನೆಗೆ, "ಗೊತ್ತಾಯ್ತೇನಮ್ಮಾ?" ಎಂದು ಕೇಳಿದ.

"ಗೊತ್ತಾಯ್ತು ಸರ್. ಒಳ್ಳೇ ಐಡಿಯಾ. ಯಾರದು?"

"ಯಾರದೇನು ಬಂತು, ನಮ್ಮದೇ. ಎರಡು ವರ್ಷ ತಲೆ ಕೆಡಿಸ್ಕೊಂಡಿದ್ದೀನಿ."

ಸುಮಿತ್ರಾ ಗೋಡೆಯ ಕಡೆ ನೋಡಿದಳು. ಎಂಬತ್ತೆಂಟರಲ್ಲಿ, ತಾನಿನ್ನೂ ಅಲ್ಲೇ ಕೆಲಸಕ್ಕಿದ್ದಾಗ, ಫೋರ್ಟಿನ ಆಫೀಸಿನ ಕಪ್ಪು ಹಲಗೆಯ ಮೇಲೆ ಇದನ್ನು ಬರೆದು ತೋರಿಸಿದ್ದವಳು ಅವಳೇ. ಪ್ರಸಾದದ ಮಾತೂ ಅವಳದೇ. ಜೊತೆಗೆ ಒಂದು ಎಚ್ಚರಿಕೆಯನ್ನೂ ಹೇಳಿದ್ದಳು: "ಆ ಕಡೆಯೋರು ಏನು ಕಳಿಸ್ತಾರೋ ಅದನ್ನ ನಮ್ಮ ಮೆಷಿನ್ ಹಾಗೇ ನುಂಗುತ್ತೆ ಸರ್. ಆ ಕಡೆ ಯಾರಿದ್ದಾರೆ ಅನ್ನೋದು ನಮಗೆ ಗೊತ್ತಿರ್ಬೇಕು." ಆಗ ತಿರುಮಲೇಶ ನಕ್ಕು, "ಆ ಕಡೆ ಯಾರಮ್ಮಾ ಇರ್ತಾರೆ, ಹುಲಿ ಸಿಂಹಾನಾ?" ಎಂದು ಹಲಗೆ ಒರೆಸಿದ್ದ.

"ಡೆಮೋ ದಿನ ನಾನೇ ಅಲ್ಲಿಗೆ ಬರ್ತೀನಿ ಸರ್. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನೋಡ್ಕೋಬಹುದು," ಎಂದಳು.

"ಬಾರಮ್ಮಾ, ಬಾ. ಸೇಠ್‌ಗೂ ಸಂತೋಷ ಆಗುತ್ತೆ," ಎಂದ ತಿರುಮಲೇಶ. ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು.

ಆಗಿದ್ದು ಇಷ್ಟು. ಎಂಬತ್ತೆಂಟರ ದಸರೆಯಲ್ಲಿ ಸುಮಿತ್ರಾ ಅವನ ಕೈಕೆಳಗೆ ಪ್ರೋಗ್ರಾಮರ್. ಮಾಲೀಕ ಕಪಾಡಿಯಾ ಸೇಠ್ ಗುಜರಾತಿಯಾದರೂ ತಿರುಮಲೇಶನ ಆಯುಧಪೂಜೆಗೆ ಅಡ್ಡ ಬಂದವನಲ್ಲ. ಕಂಪ್ಯೂಟರಿಗೆ ಗಂಧ, ಕುಂಕುಮ, ಸೇವಂತಿಗೆ ಹಾರ. ಆ ದಿನ ಅದನ್ನು ಯಾರೂ ಮುಟ್ಟುವ ಹಾಗಿಲ್ಲ, ಸ್ವಿಚ್ ಹಾಕುವ ಹಾಗಿಲ್ಲ. ಪೂಜೆಗೆ ಮೊದಲು ತಿರುಮಲೇಶ ಆಫೀಸಿನ ಹೆಂಗಸರನ್ನೆಲ್ಲ ಒಬ್ಬೊಬ್ಬರನ್ನಾಗಿ, "ಒಳಗಿದ್ದೀರಿ ತಾನೆ?" ಎಂದು ಕೇಳುತ್ತಿದ್ದ. ಮಿಕ್ಕವರೆಲ್ಲ ಜಾಣೆಯರು, ಹೌದೆಂದು ತಲೆಯಾಡಿಸಿ ಪುಳಿಯೋಗರೆ ತಿಂದುಹೋಗುತ್ತಿದ್ದರು. ಸುಮಿತ್ರಾ ಒಬ್ಬಳು ಆ ವರ್ಷ ಮುಟ್ಟಾಗಿದ್ದೇನೆಂದು ನಿಜ ಹೇಳಿ ಕಾರಿಡಾರಿನಲ್ಲಿ ನಿಂತಳು. ಅಲ್ಲಿಂದಲೇ ನೋಡಿದಳು. ತಿರುಮಲೇಶ ಮಂತ್ರ ಹೇಳುತ್ತ, ಮದುವೆಮನೆಯಲ್ಲಿ ದೂರ ನಿಂತ ನೆಂಟ ಎಸೆಯುವ ಹಾಗೆ, ಕೈ ಬೀಸಿ ಬೀಸಿ ಮೆಷಿನ್ನಿಗೆ ಅಕ್ಷತೆ ಹಾಕುತ್ತಿದ್ದ.

ಮಾರನೆಯ ಬೆಳಿಗ್ಗೆ ಹಡಗು ಹೊರಡುವ ಅವಸರ. "ನಾನು ಇನ್ನೂ..." ಎಂದು ಅವಳು ಬಾಯಿ ತೆಗೆದರೆ, "ಅದೆಲ್ಲ ಪೂಜೆಗೆ ಮಾತ್ರ ಕಣಮ್ಮಾ, ಕೆಲಸಕ್ಕಲ್ಲ, ಕೂತ್ಕೋ," ಎಂದು ಅವನೇ ಮೆಷಿನ್ ಮುಂದೆ ಕೂರಿಸಿದ. ಅವಳು ಆ ಹಡಗಿನ ಕಾಗದಪತ್ರಗಳಿದ್ದ ಫ್ಲಾಪಿ ಹಾಕಿದಳು. ಒಳಗೆ ಕರಕರ ಎಂದು ಸದ್ದಾಯಿತು, ಮಾಹಿತಿ ಬರಲಿಲ್ಲ. "ಫ್ಲಾಪಿ ಹಾಳಾಗಿರ್ಬೇಕು, ಇನ್ನೊಂದು ಕಾಪಿ ಹಾಕು," ಎಂದ. ಹಾಕಿದಳು. ಮತ್ತೆ ಅದೇ ಕರಕರ. ಇದ್ದ ಎರಡೂ ಕಾಪಿ ಹೋದವು. ಚಹಾ ತುಂಬಿದ ಕಂಟೇನರುಗಳು ಡಾಕಿನಲ್ಲೇ ಉಳಿದು ಹಡಗು ಹೊರಟುಹೋಯಿತು, ಸೇಠನ ಅತ್ಯಂತ ಹಳೆಯ ಗಿರಾಕಿ ಕೈಬಿಟ್ಟುಹೋದ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹುಡುಗಿ ಫ್ಲಾಪಿಯನ್ನು ತಿರುಗಾಮುರುಗಾ ತುರುಕಿ ಡ್ರೈವ್ ಕೆಡಿಸಿದಳು ಎಂದು ತಿರುಮಲೇಶ ಸೇಠನಿಗೆ ಇಡೀ ಆಫೀಸಿನ ಮುಂದೆ ಹೇಳಿದ. ಮುಲುಂಡಿನ ತನ್ನ ಹೌಸಿಂಗ್ ಸೊಸೈಟಿಗೆ ಬಂದು ಬೇರೆಯೇ ಹೇಳಿದ: ಸುಬ್ಬಲಕ್ಷ್ಮಮ್ಮನ ಮಗಳು ಹೊರಗಿದ್ದವಳು ಪೂಜೆ ಮಾಡಿದ ಮೆಷಿನ್ ಮುಟ್ಟಿದಳು, ಆಯುಧ ಮುನಿಯಿತು. ಸುಮಿತ್ರಾ ಮತ್ತು ಅವಳ ತಾಯಿ ಇದ್ದದ್ದೂ ಅದೇ ಸೊಸೈಟಿಯಲ್ಲಿ, ಎದುರಿನ ಬಿಲ್ಡಿಂಗಿನಲ್ಲಿ. ಆ ವಾರವೇ ಅವಳ ಕೆಲಸ ಹೋಯಿತು.

ಡ್ರೈವನ್ನು ರಿಪೇರಿಗೆ ಕಳಿಸಿದ್ದು ಜೋಗೇಶ್ವರಿಯ ಒಂದು ಸಣ್ಣ ವರ್ಕ್‌ಶಾಪಿಗೆ. ಸುಮಿತ್ರಾ ಅಲ್ಲಿಗೆ ಹೋದಳು. ರಿಪೇರಿಯ ಕೊರಗಪ್ಪ ಮಂಗಳೂರು ಕಡೆಯವನು. ಸ್ಟೂಲು ಸರಿಸಿ ಕೂರಿಸಿ, ಫೋಟೋ ರೀಲಿನ ಕಪ್ಪು ಡಬ್ಬಿಯೊಂದನ್ನು ತೆರೆದು ತೋರಿಸಿದ. ಒಳಗೆ ಅರಿಶಿನ ಹಚ್ಚಿದ ಅಕ್ಕಿಯ ಕಾಳುಗಳಿದ್ದವು. ಒಂದೆರಡು ಕಾಳು ಕಪ್ಪಗಾಗಿ ಅರೆದುಹೋಗಿದ್ದವು.

"ಇದು ಎಂತ ಮಾರಾಯ್ರೆ, ಮಿಶಿನಿಗೆ ಊಟ ಬಡಿಸಿದ್ದು ಯಾರು?" ಎಂದ ಕೊರಗಪ್ಪ. "ಇದು ಒಳಗೆ ಕೂತ್ಕೊಂಡ್ರೆ ಮತ್ತೆ ನೀವು ಯಾವ ಫ್ಲಾಪಿ ಹಾಕಿದ್ರೂ ಕೆರೆದು ಬಿಸಾಡ್ತದೆ. ನಿಮ್ಮದೇನು ತಪ್ಪುಂಟು ಇದ್ರಲ್ಲಿ?"

ಅವಳು ಡಬ್ಬಿ ಹಿಡಿದುಕೊಂಡು ಅದೇ ಸಂಜೆ ತಿರುಮಲೇಶನ ಮನೆಯ ಬೆಲ್ ಒತ್ತಿದಳು. ಅವನ ಹೆಂಡತಿ ವನಮಾಲಾ ಬಾಗಿಲನ್ನು ಅರ್ಧ ತೆರೆದು, "ಅವರು ಮನೇಲಿಲ್ಲ," ಎಂದಳು. ಅವನ ಚಪ್ಪಲಿ ಬಾಗಿಲಲ್ಲೇ ಇತ್ತು. ಒಳಗಿನಿಂದ ಅವನ ಕೆಮ್ಮೂ ಕೇಳಿತು. ಸುಮಿತ್ರಾ ಆ ಚಪ್ಪಲಿಯನ್ನೇ ನೋಡುತ್ತ ನಿಂತು, ಇನ್ನೇನೂ ತೋಚದೆ ಮನೆಗೆ ಬಂದಳು.

ಕೆಲಸ ಹೋದದ್ದು ದೊಡ್ಡದಲ್ಲ, ಮುಂಬಯಿಯಲ್ಲಿ ಇನ್ನೊಂದು ಸಿಗುತ್ತದೆ, ಸಿಕ್ಕಿತು ಕೂಡ. ಅಮ್ಮನಿಗಾದದ್ದು ದೊಡ್ಡದು. ಮರುವರ್ಷದ ನವರಾತ್ರಿಯಲ್ಲಿ ವನಮಾಲಾ ಗೊಂಬೆ ಆರತಿಗೆ ಕರೆಯಲು ಬಂದಳು. ಕುಂಕುಮ ಕೊಟ್ಟು, "ನೀವೊಬ್ಬರೇ ಬನ್ನಿ ಸುಬ್ಬಲಕ್ಷ್ಮಮ್ಮಾ," ಎಂದಳು. ಅವಳ ಹಿಂದೆ ಬಂದ ಇನ್ನೊಬ್ಬಳೂ ಹಾಗೇ ಹೇಳಿದಳು. ಸುಬ್ಬಲಕ್ಷ್ಮಮ್ಮ ಯಾರ ಮನೆಗೂ ಹೋಗಲಿಲ್ಲ. ತನ್ನ ಪಟ್ಟದ ಗೊಂಬೆಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿಸಿದಳು, ಆಮೇಲಿನ ವರ್ಷ ಅವನ್ನು ಇಳಿಸಲೂ ಇಲ್ಲ. ಅದಕ್ಕೇ ಸುಮಿತ್ರಾಗೆ ಬೇಕಾಗಿದ್ದದ್ದು ಒಂದೇ ಒಂದು. ಆ ಮನುಷ್ಯ ನಿಜವನ್ನು ತನ್ನ ಕೈಯಾರೆ ಬರೆಯಬೇಕು, ನಾಲ್ಕು ಜನ ನೋಡುತ್ತಿರುವಾಗ ಬರೆಯಬೇಕು.

ವಡಾಲದಲ್ಲಿ ಅವಳ ಜೊತೆ ಕೆಲಸ ಮಾಡುತ್ತಿದ್ದವನು ದಾನಪ್ಪ, ಬಾಗಲಕೋಟೆ ಕಡೆಯವನು. ಡೆಮೋಗೆಂದು ಮೇಡಂ ಒಂದರ ಬದಲು ಎರಡು ಸ್ಕ್ರೀನು ಬರೆದದ್ದನ್ನು ನೋಡಿ ಅವನಿಗೆ ಆಶ್ಚರ್ಯವಾಯಿತು. ಒಂದನೆಯದರಲ್ಲಿ ಕಂಟೇನರ್ ಲಿಸ್ಟು ನೇರವಾಗಿತ್ತು. ಎರಡನೆಯದರಲ್ಲಿಯೂ ಲಿಸ್ಟು ಇತ್ತು, ಆದರೆ ಅದರ ಮುಂದೆ ಎರಡು ಪ್ರಶ್ನೆಗಳಿದ್ದವು. ಸರಿಯಾದ ಉತ್ತರ ಟೈಪ್ ಮಾಡುವ ತನಕ ಲಿಸ್ಟು ಬರುವುದಿಲ್ಲ.

"ಇದೇನ್ರೀ ಮೇಡಂ, ಪರೀಕ್ಷಾ ಇಟ್ಟೀರಿ?"

ಸುಮಿತ್ರಾ ಎಲ್ಲವನ್ನೂ ಹೇಳಿದಳು. ದಾನಪ್ಪ ಕೇಳಿ ತುಸು ಹೊತ್ತು ತಲೆ ಕೆರೆದುಕೊಂಡ.

"ಸಿಟ್ಟು ಬರೋದು ಖರೇ ಐತ್ರಿ. ನನಗ ಹಿಂಗ ಮಾಡಿದ್ರ ನಾ ಅವತ್ತ ಕಾಲರ್ ಹಿಡೀತಿದ್ದೆ. ಆದ್ರ ಒಂದು ಮಾತ್ರೀ. ಅವ್ರಿಗೆ ಅಕ್ಕಿಕಾಳಿಂದ ಕೆಟ್ಟದ್ದು ಅಂತ ಗೊತ್ತಿತ್ತೋ, ಇಲ್ಲಾ ಖರೇನ ದೇವರ ಸಿಟ್ಟು ಅಂತ ತಿಳಕೊಂಡಿದ್ರೋ? ಗೊತ್ತಿಲ್ದವನ್ನ ಬಡದ್ರ ಏನು ಬಂತ್ರೀ. ಮ್ಯಾಲೆ ನಿಮ್ಮ ನೌಕರಿಗೂ ಕುತ್ತು."

"ನೌಕರಿ ಹೋದ್ರೆ ಹೋಗ್ಲಿ."

"ನಿಮ್ಮದು ಹೋಗ್ಲಿ, ನಂದೂ ಹೋಗ್ಲೇನ್ರೀ?"

ಅವಳಿಗೆ ನಗು ಬಂತು. "ನಿನಗೆ ಗೊತ್ತೇ ಇರಲಿಲ್ಲ ಅಂತ ಹೇಳ್ತೀನಿ. ನಾನು ಅಲ್ಲಿಂದ ಫೋನ್ ಮಾಡ್ತೀನಿ. ಒಂದನೇದು ಅಂದ್ರೆ ಒಂದನೇದು ಬಿಡು, ಎರಡನೇದು ಅಂದ್ರೆ ಎರಡನೇದು." ದಾನಪ್ಪ ಹೇಳಿದ್ದು ಅವಳ ಒಳಗೂ ಕೊರೆಯುತ್ತಿದ್ದ ಸಂಗತಿ. ತಿರುಮಲೇಶ ದಡ್ಡನೋ, ದ್ರೋಹಿಯೋ? ದಡ್ಡನ ಮೇಲೆ ಸೇಡು ತೀರಿಸಿಕೊಂಡರೆ ಉಂಡ ಹಾಗೆ ಅನ್ನಿಸುವುದಿಲ್ಲ.

ವಿಜಯದಶಮಿಯ ಬೆಳಿಗ್ಗೆ ಅವಳು ಸೀರೆ ಉಟ್ಟು ಹೊರಟದ್ದನ್ನು ಕಂಡು ಸುಬ್ಬಲಕ್ಷ್ಮಮ್ಮ ಅಡುಗೆಮನೆಯಿಂದ ಈಚೆ ಬಂದಳು.

"ಹಬ್ಬದ ದಿನ ಎಲ್ಲಿಗೇ?"

"ತಿರುಮಲೇಶ್ ಸರ್ ಆಫೀಸಿಗೆ."

ಅಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ಅಲ್ಲಿಗ್ಯಾಕೆ? ನಿನ್ನ ಬಾಯಿ ನಂಗೊತ್ತು. ಏನೂ ಮಾತಾಡ್ಬೇಡ ಕಣೇ. ಎಲ್ಲಾ ದೇವರು ನೋಡ್ಕೋತಾನೆ."

"ಮೂರು ವರ್ಷದಿಂದ ಅವನು ನೋಡ್ತಾನೇ ಇದ್ದಾನಲ್ಲಮ್ಮಾ," ಎಂದು ಸುಮಿತ್ರಾ ಚಪ್ಪಲಿ ಮೆಟ್ಟಿದಳು. ರೀಲಿನ ಡಬ್ಬಿ ಅವಳ ಪರ್ಸಿನಲ್ಲಿತ್ತು. ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿ ಹಬ್ಬದ ದಿನವಾದ್ದರಿಂದ ಬಿಕೋ ಅನ್ನುತ್ತಿತ್ತು. ಕಿಟಕಿಯ ಪಕ್ಕ ಕೂತರೂ ಅವಳು ಹೊರಗೆ ನೋಡಲಿಲ್ಲ. ಪರ್ಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

ಫೋರ್ಟಿನ ಆಫೀಸಿಗೆ ಸುಣ್ಣಬಣ್ಣವಾಗಿತ್ತು, ಬಾಗಿಲಿಗೆ ಮಾವಿನ ತೋರಣ. ಕಂಪ್ಯೂಟರ್ ಕೋಣೆಯಲ್ಲಿ ಆಪರೇಟರ್ ವಿನೋದಿನಿ ಒಬ್ಬಳೇ ಇದ್ದಳು. ಮಾಟುಂಗಾದಲ್ಲಿ ಹುಟ್ಟಿ ಬೆಳೆದ ಕನ್ನಡದ ಹುಡುಗಿ, ಕನ್ನಡ ಅಷ್ಟಕ್ಕಷ್ಟೆ. ನಿನ್ನೆಯ ಪೂಜೆಯ ಹಾರ ಮೆಷಿನ್ನಿನ ಮೇಲೆ ಇನ್ನೂ ಇತ್ತು, ಅದರ ಸುತ್ತ ಅರಿಶಿನದ ಅಕ್ಷತೆ ಚೆಲ್ಲಿತ್ತು. ಸುಮಿತ್ರಾ ಹತ್ತಿರ ಹೋಗಿ ನೋಡಿದಳು. ಫ್ಲಾಪಿ ಹಾಕುವ ಸೀಳಿನ ಮೇಲೆ ಉದ್ದಕ್ಕೂ ಸೆಲ್ಲೋಟೇಪು ಅಂಟಿಸಿತ್ತು. ಒಂದೇ ಪದರವಲ್ಲ, ಒಂದರ ಮೇಲೊಂದು.

"ಇದ್ಯಾಕೆ ಟೇಪು?"

"ಸರ್ ಕಾ ರೂಲ್ ಹೈ ಮೇಡಂ," ಎಂದಳು ವಿನೋದಿನಿ. "ಪೂಜಾದ ಮೊದಲು ಟೇಪ್ ಹಾಕಲೇಬೇಕು. ಇಲ್ಲಾಂದ್ರೆ ಅಕ್ಷತಾ ಅಂದರ್ ಹೋಗಿ ಡ್ರೈವ್ ಖರಾಬ್ ಆಗ್ತದೆ ಅಂತ ಹೇಳ್ತಾರೆ."

"ಯಾವಾಗಿಂದ ಈ ರೂಲು?"

"ನಾನು ಜಾಯಿನ್ ಆಗಿದ್ದು ಎಂಬತ್ತೊಂಬತ್ತು. ಆ ಪೂಜಾಕ್ಕೇ ನನ್ನ ಕೈಯಿಂದ ಹಾಕ್ಸಿದ್ರು. ಸರ್ ಖುದ್ದು ಚೆಕ್ ಮಾಡ್ತಾರೆ." ಆಮೇಲೆ ಧ್ವನಿ ಇಳಿಸಿ, "ನಿನ್ನೆ ನನಗೂ ಪೂಛಾ, ಒಳಗಿದ್ದೀಯಾ ಅಂತ. ನಾನು ಹಾಂ ಅಂದೆ. ಹೂ ಕೇರ್ಸ್," ಎಂದು ನಕ್ಕಳು.

ಸುಮಿತ್ರಾ ನಗಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕಳ್ಳ ಅನ್ನುವ ಮೊದಲೇ ಮುಟ್ಟಿಕೊಂಡು ಟೇಪನ್ನೂ ಹಚ್ಚಿಬಿಟ್ಟಿದ್ದಾನೆ. ಗೊತ್ತಿತ್ತು. ಮೊದಲಿಂದಲೂ ಗೊತ್ತಿತ್ತು. ಗೊತ್ತಿದ್ದೂ ಅಮ್ಮನ ಬಾಗಿಲಿಗೆ ಹೆಂಡತಿಯನ್ನು ಕಳಿಸಿದ. "ಫೋನೆಲ್ಲಿದೆ?" ಎಂದು ಕೇಳಿದಳು.

ಹೊರಗಿನ ಮೇಜಿನ ಮೇಲಿನ ಫೋನಿನಿಂದ ವಡಾಲಕ್ಕೆ ಹಚ್ಚಿದಳು. "ದಾನಪ್ಪಾ, ಎರಡನೇದು."

"ವಿಚಾರ ಮಾಡೀರಿಲ್ರೀ ಮೇಡಂ?"

"ಅವರಿಗೆ ಗೊತ್ತಿತ್ತು."

ಆ ಕಡೆ ದಾನಪ್ಪ ಒಂದು ಉಸಿರು ಬಿಟ್ಟ. "ಹಂಗಾದ್ರ ಆತ್ರಿ. ಎರಡನೇದ ಬಿಟ್ಟೆ."

ತಿರುಮಲೇಶ ಸೇಠನನ್ನೂ ಹಡಗು ಕಂಪನಿಯ ಇಬ್ಬರನ್ನೂ ಕರೆದುಕೊಂಡು ಬಂದ. ರೇಷ್ಮೆ ಪಂಚೆ, ಅದರ ಮೇಲೆ ಇಸ್ತ್ರಿ ಮಾಡಿದ ಬಿಳಿ ಷರಟು, ಹಣೆಗೆ ಕುಂಕುಮ. ಮೂರು ವರ್ಷದಲ್ಲಿ ಕೂದಲು ಇನ್ನಷ್ಟು ಬೆಳ್ಳಗಾಗಿತ್ತು. ಸುಮಿತ್ರಾಳನ್ನು ನೋಡಿ, "ಬಂದ್ಯಾಮ್ಮಾ, ತಿಂಡಿ ಆಯ್ತಾ?" ಎಂದು ಕೇಳಿದ, ತುಂಬ ಸಹಜವಾಗಿ. ಆಫೀಸಿನ ಮಿಕ್ಕವರೂ ಬಂದು ಗೋಡೆಗೊರಗಿ ನಿಂತರು. ಆ ದಿನ ಅವಳು ಅಳುತ್ತ ಹೊರಗೆ ಹೋದದ್ದನ್ನು ನೋಡಿದವರು ಅವರಲ್ಲಿ ಎಷ್ಟೋ ಜನ ಇದ್ದರು.

ತಿರುಮಲೇಶ ಮಂಗಳಾರತಿ ಎತ್ತಿ, ಎಲ್ಲರ ಕೈಗೂ ಅಕ್ಷತೆ ಕೊಟ್ಟ. ಸೇಠ್ ಭಕ್ತಿಯಿಂದ ತಲೆಯ ಮೇಲೆ ಹಾಕಿಕೊಂಡ. ಮದರಾಸಿನವರೂ ಹಾಕಿಕೊಂಡರು. ಸುಮಿತ್ರಾ ತನಗೆ ಕೊಟ್ಟದ್ದನ್ನು ಮೇಜಿನ ಅಂಚಿನಲ್ಲಿ ಇಟ್ಟಳು. ಯಾರೂ ಗಮನಿಸಲಿಲ್ಲ. ವಿನೋದಿನಿ ಟೇಪನ್ನು ಸುಲಿದು, ಉಂಡೆ ಮಾಡಿ, ಬುಟ್ಟಿಗೆ ಹಾಕಿದಳು.

ತಿರುಮಲೇಶ ಕುರ್ಚಿ ಎಳೆದುಕೊಂಡು ಕೂತು, ವಡಾಲದ ನಂಬರನ್ನು ಮೆಷಿನ್ನಿನಿಂದಲೇ ಹಚ್ಚಿಸಿದ. ಮೋಡೆಮ್ ಡಬ್ಬಿ ಕೀರಲು ಧ್ವನಿಯಲ್ಲಿ ಕೂಗಿ ಸುಮ್ಮನಾಯಿತು. "ಇದೀಗ ನಮ್ಮ ಮೆಷಿನ್ ವಡಾಲದ ಮೆಷಿನ್ನನ್ನು ಕೇಳುತ್ತಿದೆ," ಎಂದು ಅವನು ಇಂಗ್ಲಿಷಿನಲ್ಲಿ ಅತಿಥಿಗಳಿಗೆ ವಿವರಿಸಿ, ಬಟನ್ ಒತ್ತಿದ. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳು ಒಂದೊಂದಾಗಿ ಮೂಡಿದವು. ಕಂಟೇನರ್ ನಂಬರುಗಳಲ್ಲ. ಇಂಗ್ಲಿಷಿನಲ್ಲಿ ಒಂದು ಸಾಲು:

ಎಂಬತ್ತೆಂಟರ ದಸರೆಯಲ್ಲಿ ಈ ಆಫೀಸಿನ ಡ್ರೈವ್ ಕೆಟ್ಟದ್ದು ಯಾವುದರಿಂದ? ಉತ್ತರ ಬರೆಯಿರಿ.

ತಿರುಮಲೇಶ ಓದಿದ. ಮತ್ತೆ ಓದಿದ. ಹಿಂದಕ್ಕೆ ಹೋಗುವ ಬಟನ್ ಒತ್ತಿದ, ಸಾಲು ಅಲ್ಲೇ ಇತ್ತು. ಸ್ವಿಚ್ ಆರಿಸಬಹುದಿತ್ತು. ಆರಿಸಿದರೆ ಡೆಮೋ ಅಲ್ಲಿಗೆ ಮುಗಿಯಿತು, ಎರಡು ವರ್ಷದ ಕೆಲಸವೂ ಮುಗಿಯಿತು, ಮದರಾಸಿನವರು ಮಧ್ಯಾಹ್ನದ ವಿಮಾನಕ್ಕೆ ಹೊರಡುವವರು. ಅವನು ಕತ್ತು ತಿರುಗಿಸಿ ಸುಮಿತ್ರಾಳನ್ನು ನೋಡಿದ. ಅವಳು ಅವನ ಕುರ್ಚಿಯ ಹಿಂದೆ ನಿಂತಿದ್ದಳು. ಆ ಕಡೆ ಇರುವವಳು ಯಾರೆಂದು ಅವನಿಗೀಗ ಗೊತ್ತಾಯಿತು.

ಅವನು ಒಂದೇ ಬೆರಳಲ್ಲಿ 'ಆಪರೇಟರ್' ಎಂದು ಟೈಪ್ ಮಾಡಿದ. ಅಲ್ಲ, ಮತ್ತೊಮ್ಮೆ, ಎಂದಿತು ಪರದೆ.

ಕೋಣೆಯಲ್ಲಿ ಯಾರೋ ಕಾಲು ಬದಲಾಯಿಸಿದರು. ತಿರುಮಲೇಶನ ಕತ್ತಿನ ಮೇಲೆ ಬೆವರು ಹನಿಗಟ್ಟಿತ್ತು. ಆಮೇಲೆ ಅವನು 'ಅಕ್ಷತೆ' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆದ. ಅಕ್ಕಿ, ಅಕ್ಷತೆ, ರೈಸ್, ಯಾವುದನ್ನು ಹೇಗೆ ಬರೆದರೂ ಒಪ್ಪಿಕೊಳ್ಳುವಂತೆ ಸುಮಿತ್ರಾ ಬರೆದಿದ್ದಳು. ಸ್ಪೆಲ್ಲಿಂಗಿನ ನೆಪದಲ್ಲಿ ತಪ್ಪಿಸಿಕೊಳ್ಳಬಾರದು.

ಸರಿ, ಎಂದಿತು ಪರದೆ.

"ಪಾಸ್‌ವರ್ಡಾ?" ಎಂದು ಮದರಾಸಿನವರಲ್ಲಿ ಒಬ್ಬ ಕೇಳಿದ.

"ಹೌದು ಹೌದು, ಸೆಕ್ಯುರಿಟಿ," ಎಂದ ತಿರುಮಲೇಶ. ಅವನ ಬೆನ್ನು ಸಡಿಲವಾಯಿತು, ಬದುಕಿದೆ ಅನ್ನುವ ಹಾಗೆ. ಅಷ್ಟರಲ್ಲಿ ಎರಡನೆಯ ಸಾಲು ಮೂಡಿತು.

ಅದನ್ನು ಡ್ರೈವಿಗೆ ಹಾಕಿದ್ದು ಯಾರು? ಹೆಸರು ಬರೆಯಿರಿ.

ಕಪಾಡಿಯಾ ಸೇಠ್ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಬಗ್ಗಿ, ಎರಡು ಸಾಲನ್ನೂ ಗಟ್ಟಿಯಾಗಿ ಓದಿದ. ಅವನೇನು ಕಂಪ್ಯೂಟರ್ ಬಲ್ಲವನಲ್ಲ, ಆದರೆ ಡಾಕಿನಲ್ಲಿ ಉಳಿದುಹೋದ ಚಹಾ ಅವನಿಗೆ ಮರೆಯುವಂಥದ್ದಲ್ಲ. ನೆಟ್ಟಗಾಗಿ ಸುಮಿತ್ರಾಳ ಮುಖವನ್ನು ಸರಿಯಾಗಿ ನೋಡಿದ.

"ಆಪ್ ವಹೀ ಲಡ್ಕೀ ಹೋ ನಾ?"

"ಹಾಂ ಸೇಠ್‌ಜೀ. ವಹೀ," ಎಂದು ಸುಮಿತ್ರಾ ಅದೇ ಹುಡುಗಿ ತಾನೆಂದು ತಲೆಯಾಡಿಸಿದಳು.

ತಿರುಮಲೇಶ ಪರದೆಯ ಕಡೆಗೇ ಮುಖ ಇಟ್ಟುಕೊಂಡು, ತುಟಿ ಹೆಚ್ಚು ಅಲುಗಿಸದೆ, ಕನ್ನಡದಲ್ಲಿ ಹೇಳಿದ: "ಸುಮಿತ್ರಾ, ಇದನ್ನ ತೆಗೆಸಮ್ಮಾ. ಎಲ್ಲಾರೂ ಇದ್ದಾರೆ."

"ಅವತ್ತೂ ಎಲ್ಲಾರೂ ಇದ್ರು ಸರ್."

"ನಿಮ್ಮ ತಾಯಿ ಮುಖ ನೋಡಿಯಾದ್ರೂ..."

"ಅಮ್ಮನ ಮುಖ ನೋಡೇ ಮಾಡಿದ್ದು."

ಸೇಠನಿಗೆ ಕನ್ನಡ ಬರುವುದಿಲ್ಲ. ಆದರೆ ಅವನು ತಿರುಮಲೇಶನ ಬೆವರನ್ನೂ ಬುಟ್ಟಿಯಲ್ಲಿದ್ದ ಟೇಪಿನ ಉಂಡೆಯನ್ನೂ ಮೇಜಿನ ಮೇಲಿನ ಅಕ್ಷತೆಯನ್ನೂ ಒಂದಾದ ಮೇಲೊಂದು ನೋಡಿದ. ವ್ಯಾಪಾರದಲ್ಲಿ ತಲೆ ಹಣ್ಣಾದವನಿಗೆ ಅಷ್ಟು ಸಾಕಾಯಿತು. "ಜವಾಬ್ ಲಿಖಿಯೇ, ತಿರುಮಲೇಶ್‌ಜೀ," ಎಂದ ಮೆಲ್ಲಗೆ. ಅತಿಥಿಗಳು ಕಾಯುತ್ತಿದ್ದಾರೆ, ಉತ್ತರ ಬರೆದುಬಿಡಿ ಎನ್ನುವಂತೆ ಅವರ ಕಡೆ ಕೈ ತೋರಿಸಿದ.

ತಿರುಮಲೇಶ ಕೀಬೋರ್ಡಿನ ಮೇಲೆ ಬೆರಳಿಟ್ಟ. ತನ್ನ ಹೆಸರಿನ ಅಕ್ಷರಗಳು ಎಲ್ಲಿವೆ ಎಂದು ಹುಡುಕುವವನ ಹಾಗೆ ಒಂದೊಂದೇ ಒತ್ತಿದ. ಗೋಡೆಗೊರಗಿದ್ದವರೆಲ್ಲ ಮುಂದೆ ಬಾಗಿದರು. ಒಂದೊಂದು ಅಕ್ಷರ ಮೂಡಿದಂತೆ ಯಾರೋ ಹಿಂದಿನಿಂದ ಅದನ್ನು ಪಿಸುಗುಟ್ಟಿ ಓದುತ್ತಿದ್ದರು. ಕೊನೆಯ ಅಕ್ಷರ ಒತ್ತಿ ಅವನು ಕೈ ತೆಗೆದಾಗ ಪರದೆ ಒಮ್ಮೆ ಪೂರ್ತಿ ಕಪ್ಪಾಯಿತು. ಆಮೇಲೆ ಕಂಟೇನರುಗಳ ಲಿಸ್ಟು ಬಂತು, ಸಾಲಿನ ಮೇಲೆ ಸಾಲು, ಒಂದೂ ತಪ್ಪಿಲ್ಲದೆ. ಮದರಾಸಿನವರು ಚಪ್ಪಾಳೆ ತಟ್ಟಿದರು. ಆಫೀಸಿನವರು ಯಾರೂ ತಟ್ಟಲಿಲ್ಲ. ಸೇಠ್ ಲಿಸ್ಟನ್ನು ನೋಡಲೇ ಇಲ್ಲ, ಕನ್ನಡಕ ತೆಗೆದು ತಿರುಮಲೇಶನನ್ನೇ ನೋಡುತ್ತ ನಿಂತಿದ್ದ.

ಸುಮಿತ್ರಾ ಪರ್ಸಿನಿಂದ ರೀಲಿನ ಕಪ್ಪು ಡಬ್ಬಿಯನ್ನು ತೆಗೆದಳು. ಮುಚ್ಚಳ ಬಿಗಿಯಾಗಿತ್ತು, ಹಲ್ಲಿನಿಂದ ಕಚ್ಚಿ ತೆರೆಯಬೇಕಾಯಿತು.

"ಕೈ ಕೊಡಿ ಸರ್. ನಿಮ್ಮದೇ ಪ್ರಸಾದ," ಎಂದಳು.

ತಿರುಮಲೇಶ ಕೈ ಒಡ್ಡಿದ, ಯಾಕೆಂದು ಗೊತ್ತಾಗದೆಯೇ. ಅರಿಶಿನ ಮಾಸಿ ಬೂದಿಯ ಬಣ್ಣಕ್ಕೆ ತಿರುಗಿದ ಕಾಳುಗಳು ಅವನ ಅಂಗೈಗೆ ಬಿದ್ದವು. ಅವುಗಳಲ್ಲಿ ಅರೆದುಹೋಗಿದ್ದ ಕಪ್ಪು ಕಾಳುಗಳೂ ಇದ್ದವು. ಅವನು ಅವನ್ನು ನೋಡಿದ, ಗುರುತು ಹಿಡಿದ. ಕೈಗೆ ಬಂದ ಅಕ್ಷತೆಯನ್ನು ಕೆಳಗೆ ಹಾಕಿ ಅವನಿಗೆ ಅಭ್ಯಾಸವಿರಲಿಲ್ಲ. ಹುಟ್ಟಿದಾಗಿನಿಂದ ರೂಢಿಯಾದ ಕೈ ತಾನೇ ಮೇಲೆದ್ದು ಹೋಗಿ ಅವನ್ನು ಅವನ ತಲೆಯ ಮೇಲೆ ಹಾಕಿತು.

ಲಿಸ್ಟು ಇನ್ನೂ ಬರುತ್ತಲೇ ಇತ್ತು. ಅವನ ಬಿಳಿ ಕೂದಲಿನಿಂದ ಒಂದು ಕಾಳು ಜಾರಿ ಕೀಬೋರ್ಡಿನ ಎರಡು ಬಟನ್ನುಗಳ ನಡುವೆ ಬಿತ್ತು. ವಿನೋದಿನಿ ಬಗ್ಗಿ, ಉಗುರಿನ ತುದಿಯಿಂದ ಅದನ್ನು ಎತ್ತಿ, ಮೇಜಿನ ಮೇಲೆ ದೂರಕ್ಕೆ ಇಟ್ಟಳು.